ಎಪ್ಪತ್ತರ ದಶಕದ ಡಿಸ್ಕೋ ತಂಡ ಬೋನಿ ಎಂನ ಬಾಬಿ ಫ್ಯಾರೆಲ್ ರೆಕಾರ್ಡಿನಲ್ಲಿ ಹಾಡಿಲ್ಲ ಅಂತ ಗೊತ್ತಾದ ಮೇಲೂ ಅಭಿಮಾನಿಗಳು ಅವರನ್ನು ಯಾಕೆ ಇಷ್ಟು ನೆನೆಯುತ್ತಾರೆ?

ಹೌದು, ರೆಕಾರ್ಡಿನಲ್ಲಿ ಕೇಳುವ ಆ ದಪ್ಪ ಗಂಡು ದನಿ ತಂಡ ಕಟ್ಟಿದ ಜರ್ಮನಿಯ ನಿರ್ಮಾಪಕ ಫ್ರಾಂಕ್ ಫರಿಯಾನ್ ಅವರದು. ಹೆಣ್ಣು ದನಿಗಳು ಮುಖ್ಯವಾಗಿ ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್ ಅವರವು. ಆದರೆ ವೇದಿಕೆ ಮೇಲೆ ಮೈಮರೆತು ಕುಣಿದು ಜನರನ್ನು ಎಬ್ಬಿಸಿದ್ದು ಬಾಬಿನೇ ಅಲ್ವಾ?

ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮ ಮಾಮನ ಹತ್ತಿರ ಇವತ್ತಿಗೂ ಒಂದು ಕ್ಯಾಸೆಟ್ ಇದೆ, ಲೇಬಲ್ ಯಾವತ್ತೋ ಕಿತ್ತುಹೋಗಿ ಅದರ ಮೇಲೆ ಬಾಲ್ ಪೆನ್ನಿನಲ್ಲಿ 'ಬೋನಿ ಎಂ' ಅಂತ ಕನ್ನಡದಲ್ಲೇ ಬರೆದಿದ್ದಾರೆ. ದನಿಯ ವಿಷಯ ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಇರ್ಲಿ ಬಿಡಪ್ಪ, ಇಂಗ್ಲಿಷ್ ಬರದ ನಮ್ಮನ್ನ ಕುಣಿಸಿದ್ದು ಅವನೇ" ಅಂದರು. ನನಗೂ ಅದೇ ಸರಿ ಅನ್ನಿಸುತ್ತದೆ. ಹಾಡಿನ ಜೊತೆ ಒಂದು ಮುಖ ಮನಸ್ಸಲ್ಲಿ ಕೂತರೆ ಅದನ್ನು ಬೇರೆ ಮಾಡೋಕೆ ಆಗಲ್ಲ.

2010ರ ಡಿಸೆಂಬರ್ 30ರಂದು ಬಾಬಿ ತೀರಿಕೊಂಡರು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹಿಂದಿನ ರಾತ್ರಿ ಕಾರ್ಯಕ್ರಮ ಕೊಟ್ಟು ಹೋಟೆಲ್‌ಗೆ ಹೋದವರು ಬೆಳಿಗ್ಗೆ ಏಳಲೇ ಇಲ್ಲ. 61 ವರ್ಷ ಅಷ್ಟೇ. 2024ರಲ್ಲಿ ಫರಿಯಾನ್ ಕೂಡ ಹೋದರು. ಆ ಸುದ್ದಿ ಬಂದ ದಿನ ಮಾಮ ಆ ಕ್ಯಾಸೆಟ್ಟಿನ ಎರಡೂ ಕಡೆ ಪೂರ್ತಿ ಕೇಳಿದರು.