ಪ್ರಿಂಟ್ ನೋಡಿದರೆ ಚಿತ್ರ ನೋಡಿದ ಹಾಗಾಯಿತೇ?

ಪ್ರಿಯ ಓದುಗರೇ,

ಪಾರ್ಕಿನಲ್ಲಿ ಮರಗಳ ನಡುವೆ ನಿಲ್ಲಿಸಿದ್ದ ಪ್ರಸಿದ್ಧ ಚಿತ್ರಗಳ ಪ್ರಿಂಟ್‌ಗಳನ್ನು ಮನೆಮಂದಿ ಜೊತೆ ನೋಡಿ ಖುಷಿಪಟ್ಟಿರಿ. ಕಲೆಯ ಬಗ್ಗೆ ತಿಳಿದ ಸ್ನೇಹಿತರೊಬ್ಬರಿಗೆ ಹೇಳಿದರೆ ಅವರು, 'ಅದೆಲ್ಲ ಪೋಸ್ಟರ್ ಕಣ್ರೀ' ಎಂದು ನಕ್ಕುಬಿಟ್ಟರು. 'ಹಾಗಾದರೆ ನಾವು ಇಡೀ ಮಧ್ಯಾಹ್ನ ನೋಡಿದ್ದೇನು?' ಎಂದು ಬೇಸರದಿಂದ ಕೇಳಿದ್ದೀರಿ.

ಬೇಸರ ಬೇಡ. ಪೋಸ್ಟರ್ ಹೌದು. ಆದರೆ ನಕಲು ಎನ್ನುವುದಷ್ಟೇ ದೂರಾದರೆ ಆ ದೂರಿನಲ್ಲಿ ಹುರುಳಿಲ್ಲ. ನಾನಾದರೆ ಬೇರೆ ಕಡೆ ಬೆರಳು ತೋರಿಸುತ್ತಿದ್ದೆ. ನಿಮ್ಮ ಪತ್ರದಲ್ಲೇ ಒಂದು ಸಾಲಿದೆ: 'ಎಲ್ಲವೂ ಸುಮಾರು ನಾಲ್ಕು ಅಡಿ ಎತ್ತರ, ಒಂದೇ ಥರದ ಸ್ಟ್ಯಾಂಡು, ಅಚ್ಚುಕಟ್ಟಾಗಿತ್ತು.' ಆ ಅಚ್ಚುಕಟ್ಟೇ ಎಡವಟ್ಟು.

ಡಚ್ ಕಲಾವಿದ ವರ್ಮೀರನ 'ಮುತ್ತಿನ ಓಲೆಯ ಹುಡುಗಿ'ಯನ್ನೇ ತೆಗೆದುಕೊಳ್ಳಿ. ಸುಮಾರು 1665ರ ಚಿತ್ರ. ಹೇಗ್ ನಗರದ ಮ್ಯೂಸಿಯಂ ಮೌರಿಟ್ಸ್‌ಹೌಸ್‌ನಲ್ಲಿರುವ ಮೂಲ ಚಿತ್ರದ ಎತ್ತರ 44.5 ಸೆಂಟಿಮೀಟರ್, ಅಗಲ 39. ಗೋಡೆ ಕನ್ನಡಿಯಷ್ಟು. ನೀವು ನೋಡಿದ್ದು ಅದರ ಎರಡೂವರೆ ಪಟ್ಟಿಗೂ ಜಾಸ್ತಿ. ಅದರ ಪಕ್ಕದಲ್ಲೇ ರೆಂಬ್ರಾಂಟನ 'ರಾತ್ರಿ ಕಾವಲು' ಇತ್ತು ಎಂದು ಬರೆದಿದ್ದೀರಿ. 1642ರ ಆ ಚಿತ್ರ ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ. ಅದೂ 1715ರಲ್ಲಿ ಬೇರೆ ಕಟ್ಟಡದ ಗೋಡೆಗೆ ಹೊಂದಿಸಲು ಅಂಚುಗಳನ್ನು ಕತ್ತರಿಸಿದ ಮೇಲೆ ಉಳಿದ ಅಳತೆ! ಆಮ್ಸ್ಟರ್‌ಡಾಮಿನಲ್ಲಿ ಅದರ ಮುಂದೆ ನಿಂತರೆ ಚಿತ್ರದ ನಡುವಿನ ಕಾವಲು ಪಡೆಯ ಕ್ಯಾಪ್ಟನ್ ನಮ್ಮಷ್ಟೇ ಎತ್ತರದ ಮನುಷ್ಯ, ಕೈ ಚಾಚಿ ನಮ್ಮ ಕಡೆಗೇ ನಡೆದು ಬರುತ್ತಿದ್ದಾನೆ. ಪಾರ್ಕಿನಲ್ಲಿ ಅವನು ಮೂರನೇ ಒಂದು ಪಾಲಿಗೆ ಕುಗ್ಗಿದ್ದ. ಹತ್ತಿರ ಕರೆದು ಪಿಸುಗುಟ್ಟುವ ಚಿತ್ರ, ದೂರ ನಿಲ್ಲಿಸಿ ಅಬ್ಬರಿಸುವ ಚಿತ್ರ, ಎರಡಕ್ಕೂ ಒಂದೇ ದನಿ ಕೊಟ್ಟುಬಿಟ್ಟರು ನೋಡಿ. ಕೆಳಗೆ ಮೂಲದ ಅಳತೆಯನ್ನಾದರೂ ಬರೆದಿದ್ದರೆ ಇಷ್ಟು ಗೊಣಗುತ್ತಿರಲಿಲ್ಲ.

ಮನಸ್ಸು ಮಾಡಿದರೆ ಇದನ್ನು ಸರಿಯಾಗಿಯೇ ಮಾಡಬಹುದು. 2007ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ನಲವತ್ತಕ್ಕೂ ಹೆಚ್ಚು ಚಿತ್ರಗಳ ನಕಲನ್ನು ಮೂಲದ ಅಳತೆಯಲ್ಲೇ ಮುದ್ರಿಸಿ, ಚೌಕಟ್ಟು ಕಟ್ಟಿಸಿ, ಸೋಹೊ ಮತ್ತು ಕೋವೆಂಟ್ ಗಾರ್ಡನ್ ಬೀದಿಗಳ ಗೋಡೆಗೆ ತೂಗುಹಾಕಿತ್ತು. ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಕೂಡ 2010ರಿಂದ ತನ್ನ ಚಿತ್ರಗಳ ಮೂಲ ಅಳತೆಯ ನಕಲುಗಳನ್ನು ಬೀದಿ, ಪಾರ್ಕುಗಳಲ್ಲಿ ಇಡತೊಡಗಿತು. ನಕಲು ಇಟ್ಟರೆ ಮರ್ಯಾದೆ ಹೋಗುತ್ತದೆ ಎಂದು ಆ ಸಂಸ್ಥೆಗಳು ಅಂದುಕೊಳ್ಳಲಿಲ್ಲ.

ನಿಮ್ಮ ಸ್ನೇಹಿತರಿಗೆ ವ್ಯಾನ್ ಗೋ ಇಷ್ಟವಂತೆ. ಸರಿ, ಅವನ ವಿಷಯವನ್ನೇ ಹೇಳುತ್ತೇನೆ. 1889ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಅವನು ಮಿಲೆ ಎಂಬ ಹಿರಿಯ ಕಲಾವಿದನ ಚಿತ್ರಗಳನ್ನು ಎದುರಿಗಿಟ್ಟುಕೊಂಡು ತನ್ನದೇ ಬಣ್ಣದಲ್ಲಿ ಬರೆಯತೊಡಗಿದ. ಎದುರಿಗಿದ್ದದ್ದು ಮೂಲವಲ್ಲ, ಬಣ್ಣವಿಲ್ಲದ ಪ್ರಿಂಟ್‌ಗಳು! ಬಿತ್ತುವವನು, ಮಧ್ಯಾಹ್ನದ ನಿದ್ದೆ, ಮಗುವಿನ ಮೊದಲ ಹೆಜ್ಜೆ, ಇವೆಲ್ಲ ಹಾಗೆ ಬಂದ ಚಿತ್ರಗಳು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ್ದೂ ಪ್ರಿಂಟ್‌ಗಳಿಗಾಗಿಯೇ. ಕಲಾವಿದರಿಗೇ ಇಲ್ಲದ ಮಡಿ ನಮಗೇಕೆ, ಅಲ್ವಾ?

ಇನ್ನು ಬಣ್ಣ. ವ್ಯಾನ್ ಗೋನ 'ನಕ್ಷತ್ರದ ರಾತ್ರಿ' ಯಾಕೋ ಸಪ್ಪೆ ಅನಿಸಿತು ಎಂದಿದ್ದೀರಿ. ಮೂಲದಲ್ಲಿ ಬಣ್ಣ ದಪ್ಪವಾಗಿ ಮೆತ್ತಿಕೊಂಡಿದೆ. ಕುಂಚ ಎಳೆದ ಜಾಗದಲ್ಲಿ ಏಣುಗಳೆದ್ದಿವೆ, ಅವುಗಳ ಮೇಲೆ ಬೆಳಕು ಬಿದ್ದು ಸಣ್ಣ ಸಣ್ಣ ನೆರಳು ಮೂಡುತ್ತದೆ. ಚಪ್ಪಟೆ ಹಾಳೆಗೆ ಅದು ಬರುವುದಿಲ್ಲ. ಜೊತೆಗೆ ಬಿಸಿಲು. ಹೊರಗಿಟ್ಟ ಪ್ರಿಂಟ್‌ನಲ್ಲಿ ಸಾಮಾನ್ಯವಾಗಿ ಹಳದಿ ಮತ್ತು ಕೆಂಪು ಛಾಯೆಯ ಇಂಕು ಮೊದಲು ಮಾಸುತ್ತವೆ, ನೀಲಿ ಮತ್ತು ಕಪ್ಪು ಉಳಿಯುತ್ತವೆ. ಹಳೇ ಜಾಹೀರಾತು ಫಲಕಗಳ ಮುಖಗಳೆಲ್ಲ ನೀಲಿಗಟ್ಟಿರುವುದನ್ನು ನೀವು ಕಂಡಿರಬಹುದು. ಪ್ರದರ್ಶನ ಜಾಸ್ತಿ ದಿನ ನಡೆದಿದ್ದರೆ ನಕ್ಷತ್ರಗಳ ಹಳದಿಯೇ ಮೊದಲು ಹೋಗಿರುತ್ತದೆ.

ಹಾಗಂತ ಮೂಲದ ಬಣ್ಣವೇನು ಶಾಶ್ವತ ಅಂದುಕೊಳ್ಳಬೇಡಿ. ವ್ಯಾನ್ ಗೋ ತನ್ನ 'ಮಲಗುವ ಕೋಣೆ' ಚಿತ್ರದಲ್ಲಿ ಗೋಡೆಗೆ ಹಾಕಿದ್ದು ತಿಳಿ ನೇರಳೆ. ಅದರಲ್ಲಿದ್ದ ಕೆಂಪು ಮಾಸಿ ಈಗ ಮ್ಯೂಸಿಯಮ್ಮಿನಲ್ಲೂ ನೀಲಿ ಗೋಡೆಯೇ ಕಾಣುತ್ತದೆ. ಮುತ್ತಿನ ಓಲೆಯ ಹುಡುಗಿಯ ಹಿಂದೆ ಮೊದಲು ಹಸಿರು ಪರದೆ ಇತ್ತು. ಈಗ ಬರೀ ಕತ್ತಲು.

ಪ್ರಿಂಟ್‌ನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಹಗ್ಗ ಇಲ್ಲ, ಕಾವಲಿನವರಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಬಹುದು. ನೀವು ಕೊಟ್ಟ ಪಟ್ಟಿಯಲ್ಲಿ ಬ್ರೂಗೆಲ್‌ನ 'ಹಿಮದಲ್ಲಿ ಬೇಟೆಗಾರರು' ಇದೆ, 1565ರದ್ದು. ಅದರ ಮೂಲ 117 ಸೆಂಟಿಮೀಟರ್ ಎತ್ತರ. ಅಂದರೆ ಹೆಚ್ಚುಕಡಿಮೆ ನಾಲ್ಕು ಅಡಿ! ಆ ಪಾರ್ಕಿನಲ್ಲಿ ಅಳತೆ ತಾನಾಗಿಯೇ ಸರಿಹೋದ ಚಿತ್ರ ಅದು. ಇನ್ನೊಮ್ಮೆ ಹೋಗುವುದಾದರೆ ಅದರ ಮುಂದೆಯೇ ಕಾಲು ಗಂಟೆ ನಿಲ್ಲಿ. ಬೇಟೆಗೆ ಹೋದವರು ಮೂವರು, ಹಿಂದೆ ನಾಯಿಗಳ ಹಿಂಡು. ಹೊತ್ತು ತಂದದ್ದು ಒಂದೇ ಒಂದು ನರಿ. ನಾಯಿಗಳೂ ತಲೆ ತಗ್ಗಿಸಿವೆ. ಎಡಗಡೆ ಛತ್ರದ ಬೋರ್ಡು ಒಂದೇ ಕೊಂಡಿಯಲ್ಲಿ ಸೊಟ್ಟಗೆ ನೇತಾಡುತ್ತಿದೆ. ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಊರವರ ಆಟ. ಇನ್ನೂ ದೂರ ನೋಡಿದರೆ ಒಂದು ಮನೆಯ ಚಿಮಣಿಗೆ ಬೆಂಕಿ ಬಿದ್ದಿದೆ, ಜನ ಆರಿಸಲು ಓಡಾಡುತ್ತಿದ್ದಾರೆ. ವಿಯೆನ್ನಾದ ಮ್ಯೂಸಿಯಮ್ಮಿನ ಜನಜಂಗುಳಿಯಲ್ಲಿ ಇದೆಲ್ಲ ಎಷ್ಟು ಜನರ ಕಣ್ಣಿಗೆ ಬೀಳುತ್ತದೋ! 'ರಾತ್ರಿ ಕಾವಲಿ'ನಲ್ಲೂ ಕ್ಯಾಪ್ಟನ್ ಚಾಚಿದ ಕೈಯ ನೆರಳು ಪಕ್ಕದವನ ಹಳದಿ ಅಂಗಿಯ ಮೇಲೆ ಬಿದ್ದಿರುವುದನ್ನು ಹುಡುಕಿ. ಅಷ್ಟಕ್ಕೆ ಪ್ರಿಂಟ್ ಸಾಕು.

ಪಿಕಾಸೊ ಒಂದೂ ಇರಲಿಲ್ಲ ಯಾಕೆ ಎಂದು ಕೇಳಿದ್ದೀರಿ. ಹಕ್ಕುಸ್ವಾಮ್ಯ ಕಾರಣ ಇರಬೇಕು. ಬಹಳಷ್ಟು ದೇಶಗಳಲ್ಲಿ ಕಲಾವಿದ ಸತ್ತು 60 ಅಥವಾ 70 ವರ್ಷದವರೆಗೆ ಹಕ್ಕು ಅವನ ವಾರಸುದಾರರದು. ಪಿಕಾಸೊ ತೀರಿಕೊಂಡಿದ್ದು 1973ರಲ್ಲಿ. ಹೀಗಾಗಿ ಇಂಥ ಪ್ರದರ್ಶನಗಳಲ್ಲಿ ಹಳಬರದ್ದೇ ಕಾರುಬಾರು.

ಕೊನೆಗೆ, ಜಪಾನಿನ ಕಲಾವಿದ ಹೊಕುಸಾಯ್‌ನ ದೊಡ್ಡ ಅಲೆಯ ಮುಂದೆ ನಿಂತು 'ಇದರ ಒರಿಜಿನಲ್ ಎಲ್ಲಿದೆ?' ಎಂದು ಕೇಳಿದ ನಿಮ್ಮ ಮಗಳಿಗೆ ಉತ್ತರ. ಒಂದೇ ಒಂದು ಒರಿಜಿನಲ್ ಅಂತ ಇಲ್ಲ. ಸುಮಾರು 1831ರಲ್ಲಿ ಅದು ಹುಟ್ಟಿದ್ದೇ ಪ್ರಿಂಟ್ ಆಗಿ. ಕಲಾವಿದ ಬರೆದ ಹಾಳೆಯನ್ನು ಮರದ ಹಲಗೆಗೆ ಅಂಟಿಸಿ, ಅದರ ಮೇಲೆಯೇ ಕೆತ್ತುವುದು ಆಗಿನ ರೂಢಿ. ಕೆತ್ತುವಾಗಲೇ ಆ ಹಾಳೆ ಹಾಳಾಗುತ್ತಿತ್ತು. ಆಮೇಲೆ ಹಲಗೆಗೆ ಬಣ್ಣ ಹಚ್ಚಿ ಪ್ರತಿಗಳನ್ನು ಒತ್ತುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವುದೂ ಅಂಥ ಪ್ರತಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವುದೂ ಅಂಥದ್ದೇ. ಎತ್ತರ ಸುಮಾರು 25 ಸೆಂಟಿಮೀಟರ್, ಅಗಲ 37. ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅವಳೇ ಗೆರೆ ಹಾಕಿ ನೋಡಲಿ.

— ಸಂ.