ಹೊಗೆಯಿಲ್ಲದ ಹೊಗೆಸೊಪ್ಪಿನ ಘಮ

ಪ್ರಶ್ನೆ: ದುಬೈನಲ್ಲಿ ಕೆಲಸ ಮಾಡುವ ನನ್ನ ಅಣ್ಣ ರಜೆಗೆ ಬಂದಾಗ ತಂಬಾಕು ಮತ್ತು ವೆನಿಲಾ ಪರಿಮಳದ ದುಬಾರಿ ಪರ್ಫ್ಯೂಮ್ ಒಂದನ್ನು ತಂದುಕೊಟ್ಟರು. ಏಪ್ರಿಲ್‌ನಲ್ಲಿ ಒಂದು ದಿನ ಅದನ್ನು ಐದಾರು ಸಲ ಸಿಂಪಡಿಸಿಕೊಂಡು ಬ್ಯಾಂಕಿಗೆ ಹೋದೆ. ಪಕ್ಕದ ಕೌಂಟರಿನವರು ತಲೆನೋವು ಬಂತೆಂದರು. ಮನೆಗೆ ಬಂದರೆ ಅವ್ವ, ‘ಬೀಡಿ ಸೇದೋದು ಕಲಿತೀಯೇನು?’ ಎಂದು ಕೇಳಿದಳು. ನನಗೆ ಮಾತ್ರ ಅರ್ಧ ಗಂಟೆಯಾದ ಮೇಲೆ ಯಾವ ವಾಸನೆಯೂ ಬಂದಿರಲಿಲ್ಲ. ಇದು ನಮ್ಮ ಊರಿಗೆ ಹೊಂದುವುದೇ ಇಲ್ಲವೇ?
— ಓದುಗರೊಬ್ಬರು, ರಾಯಚೂರು

ಉತ್ತರ: ಖಂಡಿತ ಹೊಂದುತ್ತದೆ, ನೀವು ಆರಿಸಿಕೊಂಡ ತಿಂಗಳು ಮತ್ತು ಬಳಸಿದ ಅಳತೆ ಮಾತ್ರ ಸರಿಯಾಗಿರಲಿಲ್ಲ. ಮೊದಲು ನಿಮ್ಮ ತಾಯಿಯವರ ಅನುಮಾನವನ್ನು ಪರಿಹರಿಸೋಣ. ಬೀಡಿಯ ವಾಸನೆ ಎಲೆ ಸುಟ್ಟಾಗ ಬರುವುದು. ಸುಗಂಧ ತಯಾರಕರಿಗೆ ಬೇಕಾದದ್ದು ಹೊಗೆಯಲ್ಲ, ಒಣಗಿಸಿ ಹದಮಾಡಿದ ಎಲೆಯಲ್ಲಿರುವ ಜೇನು, ಒಣಹುಲ್ಲು ಮತ್ತು ಒಣಹಣ್ಣುಗಳನ್ನು ನೆನಪಿಸುವ ಕಂಪು. ಹಿಂದಿನವರ ಸೊಂಟದಲ್ಲಿ ಇರುತ್ತಿದ್ದ ಎಲೆ-ಅಡಿಕೆಯ ಚಂಚಿಯನ್ನು ಬಿಚ್ಚಿದಾಗ ಲವಂಗ, ಕಾಚು, ಅಡಿಕೆ ಮತ್ತು ತಂಬಾಕು ಕೂಡಿ ಬರುತ್ತಿದ್ದ ಆ ಬೆಚ್ಚನೆಯ ವಾಸನೆಯನ್ನು ತಾಯಿಯವರಿಗೆ ನೆನಪಿಸಿ ನೋಡಿ, ಅವರು ಒಪ್ಪಬಹುದು.

ಈ ಬಗೆಯ ಸುಗಂಧಗಳಲ್ಲಿ ಹೆಚ್ಚು ಹೆಸರಾದದ್ದು 2007ರಲ್ಲಿ ಟಾಮ್ ಫೋರ್ಡ್ ಸಂಸ್ಥೆ ಹೊರತಂದ ‘ಟೊಬ್ಯಾಕೊ ವನೀಲ್’. ತಂಬಾಕಿನ ಜೊತೆಗೆ ವೆನಿಲಾ, ಕೋಕೋ, ಒಣಹಣ್ಣು, ಮಸಾಲೆ ಪದಾರ್ಥಗಳು ಮತ್ತು ಟೊಂಕಾ ಬೀಜದ ಪರಿಮಳ ಅದರಲ್ಲಿವೆ. ಟೊಂಕಾ ದಕ್ಷಿಣ ಅಮೆರಿಕದ ಒಂದು ಮರದ ಬೀಜ. ಅದರ ಕಂಪಿಗೆ ಮುಖ್ಯ ಕಾರಣ ಕೂಮರಿನ್ ಎಂಬ ವಸ್ತು. ಕೊಯ್ದು ಒಣಗಲು ಬಿಟ್ಟ ಹುಲ್ಲಿನಲ್ಲಿ ಬರುವ ಸಿಹಿ ವಾಸನೆಯೂ ಇದರದೇ ಆದ್ದರಿಂದ ತಂಬಾಕಿನೊಡನೆ ಇದು ಬೇಗ ಬೆರೆಯುತ್ತದೆ. ಕೂಮರಿನ್ ಅನ್ನು 1868ರಲ್ಲಿ, ವೆನಿಲಾದ ಸಾರವಾದ ವೆನಿಲಿನ್ ಅನ್ನು 1874ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸುವುದು ಸಾಧ್ಯವಾಯಿತು. ತಿಂಡಿ-ತಿನಿಸನ್ನು ನೆನಪಿಸುವ ಇಂದಿನ ಎಷ್ಟೋ ಪರ್ಫ್ಯೂಮ್‌ಗಳಿಗೆ ಇವೆರಡೇ ಆಧಾರ.

ಇನ್ನು ನಿಮ್ಮ ತೊಂದರೆಯ ಕಾರಣ. ಬಿಸಿ ಹೆಚ್ಚಿದಷ್ಟೂ ಮೈಮೇಲಿನ ಸುಗಂಧ ಬೇಗ ಆವಿಯಾಗಿ ಸುತ್ತ ಹರಡುತ್ತದೆ. ರಾಯಚೂರಿನ ಏಪ್ರಿಲ್ ಎಂದರೆ 40 ಡಿಗ್ರಿ ದಾಟುವ ಬಿಸಿಲು. ಚಳಿಯಲ್ಲಿ ಇಡೀ ಸಂಜೆ ನಿಧಾನವಾಗಿ ಬಿಚ್ಚಿಕೊಳ್ಳಬೇಕಾದ ಪರಿಮಳ ಅಲ್ಲಿ ಒಮ್ಮೆಗೇ ನುಗ್ಗುತ್ತದೆ, ಅದರ ಮೇಲೆ ಬೆವರೂ ಸೇರುತ್ತದೆ. ನಿಮಗೆ ವಾಸನೆ ಬರದಿದ್ದುದಕ್ಕೆ ಮೂಗಿನ ಸ್ವಭಾವ ಕಾರಣ: ಎಡೆಬಿಡದೆ ಬರುವ ವಾಸನೆಗೆ ಅದು ಬೇಗ ಒಗ್ಗಿಕೊಂಡು ಗಮನಿಸುವುದನ್ನೇ ಬಿಡುತ್ತದೆ. ಆರಿಹೋಯಿತೆಂದು ತಿಳಿದು ಮತ್ತೆ ಮತ್ತೆ ಸಿಂಪಡಿಸಿಕೊಳ್ಳುವವರಿಂದ ಅಕ್ಕಪಕ್ಕದವರಿಗೆ ನಿಜವಾಗಿಯೂ ಹಿಂಸೆಯಾಗುತ್ತದೆ. ಎಸಿ ಕೋಣೆಯಲ್ಲಿ ಅಥವಾ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಉಬ್ಬಸದವರು ಇದ್ದರೆ ಅದು ಬರಿಯ ಕಿರಿಕಿರಿಯಾಗಿ ಉಳಿಯುವುದಿಲ್ಲ. ಆದ್ದರಿಂದ ಕಚೇರಿಗೆ ಇದನ್ನು ಹಾಕಿಕೊಂಡು ಹೋಗಲೇಬೇಡಿ ಎಂದು ನಾನು ಹೇಳುತ್ತೇನೆ. ಬೇಸಿಗೆಗೆ ಲಾವಂಚದ ಅತ್ತರು ಇದೆಯಲ್ಲ, ಒಂದು ಹನಿ ಸಾಕು.

ದೀಪಾವಳಿಯಿಂದ ಶಿವರಾತ್ರಿಯವರೆಗೆ, ಹೊತ್ತು ಮುಳುಗಿದ ಮೇಲೆ, ಎದೆಯ ಮೇಲೆ ಒಂದೇ ಒಂದು ಸಲ ಸಿಂಪಡಿಸಿಕೊಂಡು, ಆರಿದ ಬಳಿಕ ಅಂಗಿ ತೊಟ್ಟು ನೋಡಿ. ಜನವರಿಯ ಚಳಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ನಾನು ಹಾಗೆ ಹೋಗಿದ್ದೆ. ಮೊದಲ ಹತ್ತು ನಿಮಿಷ ಲವಂಗ ಮತ್ತು ಒಣಶುಂಠಿಯ ಖಾರವೇ ಮುಂದಾಗಿ, ಕಷಾಯ ಕುದಿಯುವ ಒಲೆಯ ಮುಂದೆ ನಿಂತಂತೆ ಅನಿಸಿತು. ಆಮೇಲೆ ಎಲೆ ಬಂತು, ಸ್ವಲ್ಪ ತೇವವಿರುವ, ಬೆರಳಿಗೆ ಅಂಟುವ ಎಲೆ. ಜನಸಂದಣಿಯಲ್ಲಿ ಸೆಕೆಯೆನಿಸಿ ಹೊದ್ದ ಶಾಲನ್ನು ಕುತ್ತಿಗೆಯಿಂದ ಸಡಿಲಿಸಿದಾಗ, ಒಳಗಿನಿಂದ ಬೆಲ್ಲದ ಪಾಕದಲ್ಲಿ ಉತ್ತತ್ತಿ ಬೆಂದಂಥ ಘಮವೊಂದು ಮುಖದವರೆಗೆ ಎದ್ದು ಬಂದು, ನಾನು ಒಂದು ಕ್ಷಣ ನಿಂತುಬಿಟ್ಟೆ. ಬೆಳಿಗ್ಗೆ ಎದ್ದರೆ ಕೌದಿಯ ಅಂಚಿನಲ್ಲಿ ವೆನಿಲಾ ಮತ್ತು ಹಳೆಯ ಮರದ ಪೆಟ್ಟಿಗೆಯ ವಾಸನೆ ಮಾತ್ರ ಉಳಿದಿತ್ತು. ನನಗೆ ಆ ಬೆಳಗಿನ ಉಳಿಕೆಯೇ ಎಲ್ಲಕ್ಕಿಂತ ಪ್ರಿಯ. ಅದಕ್ಕಾಗಿಯೇ ಈ ಸುಗಂಧವನ್ನು ಹಾಕಿಕೊಳ್ಳುತ್ತೇನೆ.

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಉಪನ್ಯಾಸಕಿ. ತಂಬಾಕಿನ ಸುಗಂಧ ನನಗೆ ಬಹಳ ಇಷ್ಟ, ಆದರೆ ಅದು ಗಂಡಸರದು ಎಂದು ಎಲ್ಲರೂ ಹೇಳುತ್ತಾರೆ. ಹಾಕಿಕೊಳ್ಳಬಹುದೇ?
— ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಅವಶ್ಯವಾಗಿ ಹಾಕಿಕೊಳ್ಳಿ. ಫ್ರಾನ್ಸಿನ ಕ್ಯಾರನ್ ಸಂಸ್ಥೆ ‘ತಬಾ ಬ್ಲೋಂ’ ಎಂಬ ಸುಗಂಧವನ್ನು 1919ರಲ್ಲಿ ಹೊರತಂದದ್ದೇ ಹೆಂಗಸರಿಗಾಗಿ. ಅದರ ಹೆಸರಿನಲ್ಲಿಯೇ ತಂಬಾಕಿದೆ. ತಿನಿಸಿನ ಸಿಹಿಯನ್ನು ಸುಗಂಧಲೋಕದಲ್ಲಿ ದೊಡ್ಡದಾಗಿ ನೆಲೆಗೊಳಿಸಿದ, 1992ರ ಮ್ಯೂಗ್ಲರ್ ಸಂಸ್ಥೆಯ ‘ಏಂಜೆಲ್’ ಕೂಡ ಮಹಿಳೆಯರಿಗೆಂದೇ ಬಂದದ್ದು. ಮುಡಿಯಲ್ಲಿ ಮಲ್ಲಿಗೆ ಇರುವ ದಿನ ಮಾತ್ರ ಇದನ್ನು ಬಿಡಿ, ಒಂದರ ಕಂಪು ಇನ್ನೊಂದನ್ನು ಕೆಡಿಸುತ್ತದೆ.

ಪ್ರಶ್ನೆ: ಇಂಥದೇ ಪರ್ಫ್ಯೂಮ್‌ನಿಂದ ನನ್ನ ಬಿಳಿ ಅಂಗಿಯ ಕಾಲರಿನ ಮೇಲೆ ಕಂದು ಕಲೆಯಾಗಿದೆ. ಬಾಟಲಿಯ ದ್ರವವೂ ವರ್ಷದೊಳಗೆ ಗಾಢವಾಗಿದೆ. ಕೆಟ್ಟಿದೆಯೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಬಣ್ಣ ಬದಲಾದ ಮಾತ್ರಕ್ಕೆ ಕೆಟ್ಟಿದೆ ಎನ್ನಲಾಗದು. ವೆನಿಲಿನ್ ಹೆಚ್ಚಿರುವ ದ್ರವಗಳು ಗಾಳಿ ಮತ್ತು ಬೆಳಕಿಗೆ ಕಂದು ಬಣ್ಣಕ್ಕೆ ತಿರುಗುವುದು ಸಹಜ, ಕಾಲರಿನ ಕಲೆಗೂ ಬಹುಶಃ ಅದೇ ಕಾರಣ. ಮೂಸಿ ನೋಡಿ, ಹುಳಿ ಅಥವಾ ಕನರಿದ ಎಣ್ಣೆಯ ವಾಸನೆ ಇಲ್ಲದಿದ್ದರೆ ಬಳಸಬಹುದು. ಬಿಳಿ ಅಂಗಿ-ಧೋತರಗಳ ಮೇಲೆ ನೇರವಾಗಿ ಸಿಂಪಡಿಸಬೇಡಿ. ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಬೈಕಿನ ಡಿಕ್ಕಿಯಲ್ಲಾಗಲಿ ಇಡದೆ, ಅದರ ರಟ್ಟಿನ ಪೆಟ್ಟಿಗೆಯ ಸಮೇತ ಅಲಮಾರಿನ ಕೆಳಗಿನ ಅರೆಯಲ್ಲಿ, ಬಟ್ಟೆಗಳ ಹಿಂದೆ ಇಡಿ.