ಸಿಂಧುವಿಗೆ ಇಷ್ಟು ಬೇಗ ಗುಣವಾಗಬೇಕಿತ್ತೇ?

ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಈ ಮಾತಿಗಾಗಿ ನಿಮ್ಮನ್ನು ಪತ್ರದ ಕೊನೆಯವರೆಗೆ ಕಾಯಿಸುವುದು ಸರಿಯಲ್ಲವೆಂದು ಮೊದಲೇ ಹೇಳಿಬಿಟ್ಟೆ. ನಮಗೆ ಬರುವ ಹೆಚ್ಚಿನ ಹಸ್ತಪ್ರತಿಗಳಿಗೆ ನಾಲ್ಕು ಸಾಲಿನ ಉತ್ತರ ಸಾಕು. ನಿಮ್ಮದಕ್ಕೆ ಸಾಲದು, ಏಕೆಂದರೆ ಇದರೊಳಗೆ ಒಂದು ಒಳ್ಳೆಯ ಕಾದಂಬರಿ ಇದೆ. ಅದು ಅಲ್ಲಲ್ಲಿ ತಲೆಯೆತ್ತುತ್ತದೆ, ಅಷ್ಟರಲ್ಲಿ ನೀವೇ ಅದನ್ನು ಮುಚ್ಚಿಬಿಡುತ್ತೀರಿ.

ನಿಮ್ಮ ಒಪ್ಪಿಗೆಯಂತೆ ಈ ಉತ್ತರವನ್ನು ಬೇರೆ ಬರಹಗಾರರೂ ಓದಲಿದ್ದಾರೆ. ಅವರಿಗಾಗಿ ಕತೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಗಾಜನೂರಿನ ಸಿಂಧು ಶಿವಮೊಗ್ಗದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಜನರ ಎದುರು ಬಾಯಿ ತೆರೆಯುವುದೆಂದರೆ ಅವಳಿಗೆ ಜೀವ ಹೋದಂತೆ. ಮನಃಶಾಸ್ತ್ರದಲ್ಲಿ ಇದನ್ನು ಸಾಮಾಜಿಕ ಆತಂಕ (ಸೋಶಿಯಲ್ ಆ್ಯಂಗ್ಸೈಟಿ) ಎನ್ನುತ್ತಾರೆ. ಅದೇ ತರಗತಿಯ ನಿಶಾಂತ್ ಅವಳನ್ನು ಇಷ್ಟಪಡುತ್ತಾನೆ. 15ನೇ ಅಧ್ಯಾಯದಲ್ಲಿ ಬೆಂಗಳೂರಿನ ವೈದ್ಯರೊಬ್ಬರು ಮಾತ್ರೆ ಕೊಡುತ್ತಾರೆ, 16ರಲ್ಲಿ ನಿಶಾಂತ್ ಕೈ ಹಿಡಿದು 'ನಾನಿದ್ದೇನೆ' ಎನ್ನುತ್ತಾನೆ, 17ರಲ್ಲಿ ಸಿಂಧು ಕಾಲೇಜು ವಾರ್ಷಿಕೋತ್ಸವದ ನಿರೂಪಣೆ ಮಾಡುತ್ತಾಳೆ. ಸಭಾಂಗಣ ಚಪ್ಪಾಳೆಯಿಂದ ತುಂಬುತ್ತದೆ.

ನನ್ನ ದೊಡ್ಡ ತಕರಾರು ಇರುವುದು ಈ ಮೂರು ಅಧ್ಯಾಯಗಳ ಬಗ್ಗೆಯೇ. ಆದರೆ ಅದಕ್ಕೆ ಮುನ್ನ ನಿಮ್ಮ 61ನೇ ಪುಟದ ಬಸ್ಸಿಗೆ ಹೋಗೋಣ.

ಸಂಜೆ ತೀರ್ಥಹಳ್ಳಿ ಬಸ್ಸು. ಸಿಂಧು ಕಿಟಕಿಯ ಪಕ್ಕ ಕೂತಿದ್ದಾಳೆ. ಆವತ್ತು ಗಾಜನೂರಿನಲ್ಲಿ ಇಳಿಯುವವರು ಬೇರೆ ಯಾರೂ ಇಲ್ಲ. 'ಗಾಜನೂರು ಇದೆ' ಎಂದು ಕಂಡಕ್ಟರಿಗೆ ಕೂಗಿ ಹೇಳಬೇಕು. ಅವಳು ಆ ಎರಡು ಪದಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾಳೆ. ದನಿ ಒಡೆದರೆ? ಕಂಡಕ್ಟರ್ 'ಏನಮ್ಮಾ?' ಎಂದು ತಿರುಗಿ ಕೇಳಿದರೆ? ಇಡೀ ಬಸ್ಸು ನೋಡುತ್ತದೆ. ಅಷ್ಟರಲ್ಲಿ ಊರು ದಾಟಿತು. ಸಕ್ರೆಬೈಲೂ ದಾಟಿತು. ಮಂಡಗದ್ದೆಯಲ್ಲಿ ನಾಲ್ಕೈದು ಜನ ಇಳಿದಾಗ ತಾನೂ ಅಲ್ಲಿಯವಳೇ ಎಂಬಂತೆ ಇಳಿದು, ರಸ್ತೆ ದಾಟಿ, ತಿರುಗಿ ಶಿವಮೊಗ್ಗಕ್ಕೆ ಹೋಗುವ ಬಸ್ಸಿಗೆ ಕಾಯುತ್ತಾಳೆ. ಮನೆಯಲ್ಲಿ 'ಸ್ಪೆಷಲ್ ಕ್ಲಾಸ್ ಇತ್ತು' ಎನ್ನುತ್ತಾಳೆ. ಕಂಡಕ್ಟರ್ ಕೊಡಬೇಕಿದ್ದ ಚಿಲ್ಲರೆಯನ್ನಂತೂ ಕೇಳುವ ಪ್ರಶ್ನೆಯೇ ಇಲ್ಲ.

ಇದನ್ನು ಓದಿ ನಾನು ಹಸ್ತಪ್ರತಿಯನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ. ಇಲ್ಲಿ 'ಆತಂಕ' ಎಂಬ ಪದವಿಲ್ಲ, ಎದೆ ಡವಡವ ಹೊಡೆದುಕೊಳ್ಳುವುದಿಲ್ಲ, ಕಣ್ಣು ಕತ್ತಲೆ ಕಟ್ಟುವುದಿಲ್ಲ. ಆದರೂ ಭಯ ಎಷ್ಟು ಕ್ರೂರವಾದುದು, ಅದು ಮನುಷ್ಯರಿಂದ ಏನೇನು ಮಾಡಿಸುತ್ತದೆ ಎನ್ನುವುದು ಓದುಗನ ಮೈಗೇ ತಟ್ಟುತ್ತದೆ. ಇಂಥ ದೃಶ್ಯವನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ, ಮುಂದಿನ ಮೂರು ಪುಟಗಳನ್ನು ನಿಶಾಂತನ ಕಣ್ಣುಗಳ ವರ್ಣನೆಗೆ ಕೊಟ್ಟಿದ್ದೀರಿ.

ಬಸ್ಸಿನ ವಿಷಯದಲ್ಲಿ ಒಂದು ಸಣ್ಣ ತಿದ್ದುಪಡಿ. ಚಿಲ್ಲರೆ ಬಾಕಿಯನ್ನು ಕಂಡಕ್ಟರ್ ಟಿಕೆಟಿನ ಹಿಂದೆ ಬರೆದುಕೊಟ್ಟ ಎಂದಿದ್ದೀರಿ. ಅದು ಸರ್ಕಾರಿ ಬಸ್ಸಿನ ರೂಢಿ. ನಿಮ್ಮ ಕತೆ ನಡೆಯುವುದು 2024ರಲ್ಲಿ, ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ. ಸರ್ಕಾರಿ ಬಸ್ಸಾದರೆ ಸಿಂಧು ದುಡ್ಡು ಕೊಡಬೇಕಾಗಿಯೇ ಇಲ್ಲ. ಖಾಸಗಿ ಬಸ್ಸು ಮಾಡಿ, ಆ ದಾರಿಯಲ್ಲಿ ಅವಕ್ಕೇನೂ ಬರವಿಲ್ಲ. 'ಇಳಿಯುವಾಗ ಕೊಡುತ್ತೇನೆ' ಎಂದು ಕಂಡಕ್ಟರ್ ಹೇಳಿ ಮುಂದೆ ಹೋದರೆ ಸಾಕು. ಇಳಿಯುವುದೇ ಕಷ್ಟವಾದವಳಿಗೆ ಅದು ಇನ್ನೊಂದು ಭಾರವಾಗುತ್ತದೆ.

ಹಾಜರಿ ಕರೆಯುವ ದೃಶ್ಯವೂ ಹಾಗೆಯೇ ಚೆನ್ನಾಗಿದೆ. ತನ್ನ ರೋಲ್ ನಂಬರ್ 34 ಬರುವ ಮೊದಲೇ, 20ನೇ ನಂಬರಿನಿಂದಲೇ 'ಎಸ್ ಸರ್' ಎಂದು ಒಳಗೊಳಗೇ ಅಭ್ಯಾಸ ಮಾಡುತ್ತಾಳೆ. ಹೇಳಿ ಮುಗಿದ ಮೇಲೆ ಇಡೀ ಪೀರಿಯಡ್ಡು ಆ ದನಿ ಹೇಗೆ ಕೇಳಿಸಿರಬಹುದು ಎಂದು ಚಿಂತಿಸುತ್ತಾಳೆ, ಪಾಠ ಒಂದಕ್ಷರವೂ ತಲೆಗೆ ಹೋಗುವುದಿಲ್ಲ. ಈ ತೊಂದರೆಯನ್ನು ಅಧ್ಯಯನ ಮಾಡಿದವರು ಹೇಳುವುದೂ ಇದನ್ನೇ. 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಃಶಾಸ್ತ್ರಜ್ಞರು ಇದರ ಒಳಗಿನ ಚಲನೆಯನ್ನು ವಿವರಿಸಿದರು. ವ್ಯಕ್ತಿಯ ಗಮನ ಎದುರಿನವರ ಮೇಲಿರದೆ ತನ್ನ ಮೇಲೆಯೇ ತಿರುಗಿಕೊಳ್ಳುತ್ತದೆ. ಒಳಗಿನ ನಡುಕ ಹೊರಗೆ ಎಲ್ಲರಿಗೂ ಕಾಣುತ್ತಿದೆ ಎಂದು ಆತ ನಂಬುತ್ತಾನೆ. ಮುಜುಗರವಾಗದಿರಲೆಂದು ತಲೆ ತಗ್ಗಿಸುತ್ತಾನೆ, ಕೈ ಜೇಬಿನಲ್ಲಿಡುತ್ತಾನೆ, ಮಾತನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳುತ್ತಾನೆ. ಈ ರಕ್ಷಣೆಯ ಉಪಾಯಗಳೇ ಭಯವನ್ನು ಸಾಕುತ್ತವೆ. ಎಲ್ಲ ಮುಗಿದ ಮೇಲೆ ನಡೆದದ್ದನ್ನು ಮತ್ತೆ ಮತ್ತೆ ಕೆದಕುತ್ತಾನೆ. ಈ ವಿವರಣೆಯನ್ನು ನೀವು ಓದಿದ್ದೀರೋ ಇಲ್ಲವೋ, ಹಾಜರಿಯ ದೃಶ್ಯದಲ್ಲಿ ಅಷ್ಟೂ ಇದೆ. ನಿಮಗೆ ಸಿಂಧು ಗೊತ್ತು. ಹಾಗಿದ್ದೂ ಕತೆಯ ಮುಖ್ಯ ಘಟ್ಟಗಳಲ್ಲಿ ನೀವು ಅವಳನ್ನು ನಂಬುವುದಿಲ್ಲ.

ಉದಾಹರಣೆಗೆ ಪ್ರೀತಿಯನ್ನೇ ತೆಗೆದುಕೊಳ್ಳಿ. ನಿಶಾಂತನ ಜೊತೆಗಿದ್ದಾಗ ಮಾತ್ರ ಸಿಂಧುವಿಗೆ ಭಯವಿಲ್ಲ ಎಂದು ಬರೆದಿದ್ದೀರಿ. ನನಗೆ ನಂಬಿಕೆ ಬರಲಿಲ್ಲ. ಯಾರ ಕಣ್ಣಿನಲ್ಲಿ ನಾವು ಚೆನ್ನಾಗಿ ಕಾಣಬೇಕೆಂದು ಹಂಬಲಿಸುತ್ತೇವೋ ಅವರ ಎದುರಲ್ಲೇ ಇಂಥ ಭಯ ಹೆಚ್ಚುತ್ತದೆ. ಕಂಡಕ್ಟರ್ ಏನಂದುಕೊಂಡಾನೆಂದು ಊರು ದಾಟಿ ಹೋದವಳು, ನಿಶಾಂತ್ ಏನಂದುಕೊಂಡಾನೆಂದು ಇನ್ನೆಷ್ಟು ದೂರ ಹೋಗಬೇಡ! ಅವನ ಎದುರು ಊಟ ಮಾಡಲಾರಳು. ಅವನು ಕಾರಿಡಾರಿನಲ್ಲಿ ಬರುತ್ತಿದ್ದರೆ ಹತ್ತಿರದ ಮೆಟ್ಟಿಲು ಇಳಿದುಬಿಡುತ್ತಾಳೆ, ಅವನು ಅದನ್ನು ಅಹಂಕಾರವೆಂದು ತಿಳಿಯುತ್ತಾನೆ. ಪ್ರೀತಿ ಆಳವಾದಷ್ಟೂ ಅವಳು ದೂರ ಓಡಬೇಕು. ಕಾದಂಬರಿ ಇರುವುದು ಇಲ್ಲಿ. ನೀವು ಪ್ರೀತಿಯನ್ನು ಔಷಧಿಯಾಗಿ ಬಳಸಿದಿರಿ, ಆದ್ದರಿಂದ ನಡುವಿನ ಎಂಟು ಅಧ್ಯಾಯಗಳಲ್ಲಿ ಮಳೆ ಬರುತ್ತದೆ, ಹಾಡು ಕೇಳುತ್ತದೆ, ಇನ್ನೇನೂ ನಡೆಯುವುದಿಲ್ಲ.

9ನೇ ಅಧ್ಯಾಯದಲ್ಲಿ ಇದರ ಬೀಜ ಇದೆ. ವಾಟ್ಸ್ಆ್ಯಪ್‌ನಲ್ಲಿ ಸಿಂಧು ಎಷ್ಟು ಚುರುಕು! ಲೆಕ್ಚರರ ಅನುಕರಣೆ ಮಾಡುತ್ತಾಳೆ, ನಿಶಾಂತನ ಕವಿತೆಯ ಪ್ರಾಸ ತಿದ್ದುತ್ತಾಳೆ. ಒಂದು ಸಂದೇಶ ಕಳುಹಿಸಲು ಇಪ್ಪತ್ತು ನಿಮಿಷ ಬರೆದು ಅಳಿಸಿ ಮಾಡುತ್ತಾಳೆ ಎನ್ನುವುದು ಅವನಿಗೆ ಗೊತ್ತಿಲ್ಲ. ಮರುದಿನ ತರಗತಿಯಲ್ಲಿ ಅವನು ಎದುರಿಗೆ ಬಂದು ನಕ್ಕರೆ ಅವಳು ಗೋಡೆ ನೋಡುತ್ತಾಳೆ. ರಾತ್ರಿಯ ಹುಡುಗಿ ಯಾರು, ಹಗಲಿನ ಹುಡುಗಿ ಯಾರು ಎಂದು ಅವನು ತಬ್ಬಿಬ್ಬಾಗಬೇಕಿತ್ತು, ಸಿಟ್ಟಾಗಬೇಕಿತ್ತು, ಒಮ್ಮೆಯಾದರೂ ಅವಳನ್ನು ನೋಯಿಸುವ ಮಾತಾಡಬೇಕಿತ್ತು. ನಿಮ್ಮ ನಿಶಾಂತ್ ಎಲ್ಲವನ್ನೂ ಅರ್ಥಮಾಡಿಕೊಂಡು ಮುಗುಳ್ನಗುತ್ತಾನೆ. ಹದಿನೇಳರ ಹುಡುಗನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು? ಅವನ ಮನೆ ಎಲ್ಲಿ, ಅಪ್ಪ ಏನು ಮಾಡುತ್ತಾರೆ, ಅವನಿಗೆ ಯಾವುದರ ಭಯ ಎನ್ನುವುದು ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಸಿಂಧುವನ್ನು ಸಮಾಧಾನ ಮಾಡುವುದಕ್ಕೆಂದೇ ಹುಟ್ಟಿದವನಂತಿದ್ದಾನೆ.

ಇನ್ನು ಚಿಕಿತ್ಸೆಯ ವಿಷಯ. ಇದರಲ್ಲಿ ನಾನು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ಮಾತ್ರೆ ನುಂಗಿದ ಮರುದಿನವೇ ಸಿಂಧುವಿನ ಎದೆ ಹಗುರಾಗುತ್ತದೆ. ಸೆರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆಗಳನ್ನು ಈ ತೊಂದರೆಗೆ ಕೊಡುವುದು ನಿಜ, ಆದರೆ ಅವುಗಳ ಗುಣ ತಿಳಿಯಲು ವಾರಗಳೇ ಬೇಕು. ಮಾತಿನ ಮೂಲಕ ಕೊಡುವ ಸಿಬಿಟಿ ಚಿಕಿತ್ಸೆಯೂ ವಾರ ವಾರ ನಡೆಯುವ ಕೆಲಸ. ಅದರಲ್ಲಿ ರೋಗಿಯೇ ಚಿಕ್ಕ ಚಿಕ್ಕ ಭಯಗಳನ್ನು ಬೇಕೆಂದೇ ಎದುರಿಸಬೇಕು. ಅಂಗಡಿಗೆ ಹೋಗಿ ಬೆಲೆ ಕೇಳಿ, ಏನೂ ಕೊಳ್ಳದೆ ಬರುವುದು ಕೂಡ ಅಂಥದೊಂದು ಅಭ್ಯಾಸ. ನೋಡುವವರಿಗೆ ಏನೂ ಅಲ್ಲ, ಸಿಂಧುವಿಗೆ ಯುದ್ಧ. ಇದನ್ನು ಬರೆಯುವ ಶಕ್ತಿ ನಿಮಗಿದೆ ಎನ್ನುವುದಕ್ಕೆ ಬಸ್ಸಿನ ದೃಶ್ಯವೇ ಸಾಕ್ಷಿ.

ಅವಳನ್ನು ಬೆಂಗಳೂರಿಗೆ ಕಳುಹಿಸುವ ಅಗತ್ಯವೂ ಇರಲಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೇ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್‌ನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆದರೆ ಫೋನ್ ಮಾಡಿ ಅಪರಿಚಿತರ ಜೊತೆ ಮಾತಾಡುವುದೇ ಸಿಂಧುವಿಗೆ ಕಂಟಕ. ನಂಬರ್ ಒತ್ತಿ, ಆ ಕಡೆ ಎತ್ತುವ ಮೊದಲೇ ಕತ್ತರಿಸುವ ಹುಡುಗಿಯನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. ಜೊತೆಗೆ ಅವಳಿಗೆ ಹದಿನೆಂಟು ತುಂಬಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಅಪ್ರಾಪ್ತರ ಚಿಕಿತ್ಸೆಯಲ್ಲಿ ಅವರ ಪರ ನಿಲ್ಲಬೇಕಾದವರು ಪೋಷಕರೇ. ಮನೆಗೆ ತಿಳಿಯದಂತೆ ಗೆಳತಿಯ ಜೊತೆ ಹೋಗಿ ಬಂದಳು ಎಂದು ತೋರಿಸುವುದು ಸುಲಭ. ಅಮ್ಮನಿಗೆ ಹೇಗೆ ಹೇಳಿದಳು ಎಂದು ಬರೆಯುವುದು ಕಷ್ಟ, ಬರೆಯಬೇಕಾದ್ದೂ ಅದನ್ನೇ.

ಅಮ್ಮನ ವಿಷಯ ಬಂತಲ್ಲ, ನಿಮ್ಮ ಹಸ್ತಪ್ರತಿಯಲ್ಲಿ ನಾನು ಅಡಿಗೆರೆ ಎಳೆದ ಒಂದು ಸಾಲಿದೆ. ಮದುವೆಮನೆಯಲ್ಲಿ ದೊಡ್ಡಮ್ಮ ಹೇಳುತ್ತಾರೆ: 'ನಮ್ಮ ಸಿಂಧು ಎಷ್ಟು ಸಂಭಾವಿತೆ, ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ.' ಅಮ್ಮನ ಮುಖ ಅರಳುತ್ತದೆ. ನಮ್ಮ ಮನೆಗಳಲ್ಲಿ ಮಾತಾಡದ ಹುಡುಗಿಗೆ ಸಿಗುವುದು ಹೊಗಳಿಕೆ. ಹುಡುಗನಾಗಿದ್ದರೆ 'ಮುಖ ಕೊಟ್ಟು ಮಾತಾಡುವುದಿಲ್ಲ' ಎಂದಾದರೂ ಯಾರೋ ಗದರುತ್ತಿದ್ದರು. ಈ ಭಯ ಸಾಮಾನ್ಯವಾಗಿ ಹದಿಹರೆಯದ ಆರಂಭದಲ್ಲೇ ಕಾಲಿಡುತ್ತದೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಮನೆಯವರು ಅದನ್ನು ಒಳ್ಳೆಯ ನಡತೆಯೆಂದು ಮೆಚ್ಚುತ್ತಿದ್ದರೆ ಅವಳು ಯಾರ ಹತ್ತಿರ ಹೋಗಿ 'ನನಗೆ ಕಷ್ಟವಾಗುತ್ತಿದೆ' ಎನ್ನಬೇಕು? ದೊಡ್ಡಮ್ಮನ ಆ ಒಂದು ಮಾತಿನಲ್ಲಿ ಇಡೀ ಮನೆ ಇದೆ. ಅವರನ್ನು ಮತ್ತೆ ಕರೆತನ್ನಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶೇಷಣಗಳನ್ನು ಅರ್ಧಕ್ಕರ್ಧ ತೆಗೆಯಿರಿ. ಸಿಂಧು ಅಳುವ ಜಾಗಗಳನ್ನು ಎಣಿಸಿ, ಎರಡನ್ನು ಉಳಿಸಿಕೊಳ್ಳಿ.

ಒಂದನ್ನು ಮಾತ್ರ ಬಿಡಲಾರೆ. 14ನೇ ಅಧ್ಯಾಯದಲ್ಲಿ ಸೆಮಿನಾರ್ ಹೊತ್ತಿಗೆ ಸಿಂಧು ಮಾತು ತೊದಲಿ, ಕಾಗದ ಹಿಡಿದ ಕೈ ನಡುಗಿ, ಅರ್ಧಕ್ಕೇ ಕೂತುಬಿಡುತ್ತಾಳೆ. ನಿಶಾಂತ್ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದಾನೆ. ಅವಳು ಅತ್ತು ಕೇಳಿಕೊಂಡಾಗ ಅಳಿಸಿಬಿಡುತ್ತಾನೆ. ಕ್ಲಾರ್ಕ್ ಅವರ ಚಿಕಿತ್ಸಾ ವಿಧಾನದಲ್ಲಿ ಒಂದು ಹೆಜ್ಜೆ ಇದೆ: ರೋಗಿಗೆ ಅವರದೇ ವಿಡಿಯೊ ತೋರಿಸುವುದು. ತಾನು ಗಡಗಡ ನಡುಗುತ್ತಿದ್ದೆ ಎಂದುಕೊಂಡವರು ವಿಡಿಯೊದಲ್ಲಿ ನೋಡಿದರೆ ಎಷ್ಟೋ ಸಲ ನಡುಕ ಕಾಣುವುದೇ ಕಷ್ಟ. ಆ ವಿಡಿಯೊವನ್ನು ಅಳಿಸಬೇಡಿ. ಅವಳ ಅನುಮತಿಯಿಲ್ಲದೆ ಚಿತ್ರೀಕರಿಸಿದ್ದು ನಿಶಾಂತನ ತಪ್ಪು, ಆ ತಪ್ಪಿಗೆ ಅವರಿಬ್ಬರೂ ಜಗಳವಾಡಲಿ, ವಾರಗಟ್ಟಲೆ ಮಾತು ಬಿಡಲಿ. ಆಮೇಲೆ ಎಂದೋ ಅವಳು ಒಬ್ಬಳೇ ಕೂತು ಅದನ್ನು ನೋಡುವಂತಾದರೆ ಏನು ಕಾಣುತ್ತಾಳೆ ಎನ್ನುವುದನ್ನು ನೀವೇ ಕಂಡುಕೊಳ್ಳಿ.

ವೇದಿಕೆ ಮತ್ತು ಚಪ್ಪಾಳೆಯ ಅಂತ್ಯವನ್ನು ನಾನು ಒಪ್ಪುವುದಿಲ್ಲ. ಈ ಪುಸ್ತಕವನ್ನು ಸಿಂಧುವಿನಂಥವಳೇ ಒಬ್ಬಳು ಕಾಲೇಜು ಗ್ರಂಥಾಲಯದಿಂದ ಒಯ್ದು ಓದುತ್ತಾಳೆ ಎಂದುಕೊಳ್ಳಿ. ಅವಳ ಬದುಕಿನಲ್ಲಿ ಕೈ ಹಿಡಿಯುವ ನಿಶಾಂತ್ ಇಲ್ಲ. ಕೊನೆಯ ಪುಟ ಮುಗಿಸಿ ತನಗೆ ದಾರಿಯೇ ಇಲ್ಲವೆಂದು ಅವಳು ಪುಸ್ತಕ ಮುಚ್ಚಬಾರದು. ಸಂತೋಷದ ಅಂತ್ಯ ಬೇಡವೆನ್ನುತ್ತಿಲ್ಲ, ಹದಿಹರೆಯದವರಿಗೆ ಬರೆಯುವಾಗ ಭರವಸೆ ಬೇಕೇಬೇಕು. ಸಿಂಧು ಗಾಜನೂರಿನಲ್ಲೇ ಬಸ್ಸು ನಿಲ್ಲಿಸಿ ಇಳಿದರೆ ನನಗದು ಯಾವ ವಾರ್ಷಿಕೋತ್ಸವಕ್ಕಿಂತ ದೊಡ್ಡದು.

ಇಡೀ ಕಾದಂಬರಿಯನ್ನು ಈಗಲೇ ತಿದ್ದಲು ಕೂರಬೇಡಿ. ಬಸ್ಸಿನ ದೃಶ್ಯವನ್ನು ಪೂರ್ತಿ ಅಧ್ಯಾಯವಾಗಿ ಬೆಳೆಸಿ. 9ನೇ ಅಧ್ಯಾಯದ ಮರುದಿನದ ಬೆಳಗನ್ನು ನಿಶಾಂತನ ಕಡೆಯಿಂದ ಬರೆಯಿರಿ. ಅಮ್ಮನಿಗೆ ಹೇಳುವ ದೃಶ್ಯವನ್ನು ಹೊಸದಾಗಿ ಬರೆಯಿರಿ. ಈ ಮೂರನ್ನು ಮಾತ್ರ ನನ್ನ ಹೆಸರಿಗೇ ಕಳುಹಿಸಿ. ಸಾರಾಂಶ ಬೇಡ, ಮುನ್ನುಡಿಯೂ ಬೇಡ. ಗಡುವಿಲ್ಲ. ಬಂದ ಕೂಡಲೇ ಓದುತ್ತೇನೆ.